ನೇಸ್‌ಬಿ, 1645

ಇಂಗ್ಲೆಂಡಿನ ಅಂತರ್ಯುದ್ಧದಲ್ಲಿ ಪಾರ್ಲಿಮೆಂಟಿನ ಎದುರು ಚಾರ್ಲ್ಸ್ ದೊರೆಯ ಸೋಲಿಗೆ ಅರ್ಧ ಕಾರಣ ಲಂಡನ್ನಿನ ದುಡ್ಡು ಅನ್ಸುತ್ತೆ. ಬಂದರು, ನೌಕಾಪಡೆ, ಸುಂಕ ಎಲ್ಲ ಪಾರ್ಲಿಮೆಂಟಿನ ಕೈಲಿ. 1643ರಿಂದ ಬಿಯರ್ ಮೇಲೂ ಅಬಕಾರಿ ತೆರಿಗೆ. ಇಂಥ ತೆರಿಗೆಗಳ ಬಲದಿಂದಲೇ 1645ರಲ್ಲಿ ಪಾರ್ಲಿಮೆಂಟಿನ ಹೊಸ ಸೈನ್ಯ: ಕಾಗದದ ಮೇಲೆ ಸುಮಾರು 22,000 ಜನ, ಕಾಲಾಳಿಗೆ ದಿನಕ್ಕೆ 8 ಪೆನ್ಸ್.

ಜೂನ್ 14, ನೇಸ್‌ಬಿ ಊರಿನ ಬಳಿ ಕಾಳಗ. ದೊರೆಯ ಕಡೆಯ ರೂಪರ್ಟನ ಕುದುರೆ ದಂಡು ಎದುರಾಳಿಯ ಎಡಪಕ್ಕ ಮುರಿದು ಸಾಮಾನು ಗಾಡಿಗಳವರೆಗೆ ನುಗ್ಗಿತು. ವಾಪಸ್ ಬರೋಷ್ಟರಲ್ಲಿ ಹೊತ್ತು ಮೀರಿತ್ತು. ಆ ಕಡೆ ಪಾರ್ಲಿಮೆಂಟಿನ ಕುದುರೆ ದಂಡಿನ ನಾಯಕ ಕ್ರಾಮ್‌ವೆಲ್ ತನ್ನ ಪಕ್ಕದಲ್ಲಿ ಗೆದ್ದ ಮೇಲೂ ಲಗಾಮು ಬಿಡಲಿಲ್ಲ. ಒಂದಷ್ಟು ಸವಾರರನ್ನಷ್ಟೇ ಬೆನ್ನಟ್ಟಲು ಬಿಟ್ಟು, ಉಳಿದವರನ್ನು ದೊರೆಯ ಕಾಲಾಳುಗಳ ಪಕ್ಕೆಗೆ ತಿರುಗಿಸಿದ. ಅಲ್ಲಿಗೆ ಮುಗೀತು.

ಫಿರಂಗಿಗಳ ಜೊತೆ ರಾಜನ ಖಾಸಗಿ ಪತ್ರಗಳೂ ಸಿಕ್ಕವು. ಐರಿಷ್ ಕ್ಯಾಥೊಲಿಕರ ನೆರವು ಪಡೆಯುವ ಮಾತು ಅದರಲ್ಲಿತ್ತು. ಪಾರ್ಲಿಮೆಂಟಿನವರು ಸುಮ್ಮನಿರ್ತಾರಾ? ಅದೇ ಬೇಸಿಗೆಯಲ್ಲಿ ಅಚ್ಚು ಹಾಕಿಸಿ ಊರಿಗೆಲ್ಲ ಓದಿಸಿದರು.