ಇಲ್ಲದ ಕ್ಯಾಸ್ಪೇಸ್‌ಗಾಗಿ ಮೂರು ವಾರ

ಡಾರ್ಕ್ ರೂಮಿನಿಂದ ಫಿಲ್ಮ್ ಹಿಡಿದು ಹೊರಗೆ ಬಂದಾಗ ನನ್ನ ತಲೆಯಲ್ಲಿದ್ದದ್ದು ಒಂದೇ ಮಾತು: ಈ ಆಂಟಿಬಾಡಿ ಕೆಟ್ಟಿದೆ. ಬ್ಲಾಟ್ ಅಂದರೆ ಪ್ರೋಟೀನುಗಳನ್ನು ಜೆಲ್ಲಿನಲ್ಲಿ ತೂಕದ ಪ್ರಕಾರ ಬೇರ್ಪಡಿಸಿ, ಪೊರೆಗೆ ವರ್ಗಾಯಿಸಿ (ಟ್ರಾನ್ಸ್‌ಫರ್), ಬೇಕಾದ ಪ್ರೋಟೀನಿಗೆ ಅಂಟುವ ಆಂಟಿಬಾಡಿ ಹಾಕಿ ಫಿಲ್ಮಿನಲ್ಲಿ ಗೆರೆಯಾಗಿ ನೋಡುವ ಪರೀಕ್ಷೆ. 17 ಕಿಲೋಡಾಲ್ಟನ್ (ಪ್ರೋಟೀನಿನ ತೂಕದ ಅಳತೆ) ಜಾಗದಲ್ಲಿ ಕಪ್ಪು ಗೆರೆ ಬರಬೇಕಿತ್ತು. ಏನೂ ಇರಲಿಲ್ಲ. ಬೆಳಕಿಗೆ ಹಿಡಿದು ನೋಡಿದೆ, ಓರೆಯಾಗಿ ಹಿಡಿದು ನೋಡಿದೆ. ಖಾಲಿ ಅಂದ್ರೆ ಖಾಲಿ.

ನಾನು ಸೆಲ್ ಕಲ್ಚರ್ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಕ್ಯಾನ್ಸರ್ ಜೀವಕೋಶಗಳಿಗೆ ಔಷಧಿ ಹಾಕುವುದು, ಅವು ಸತ್ತರೆ ಹೇಗೆ ಸತ್ತವು ಅಂತ ನೋಡುವುದು. ಸಾವಿನಲ್ಲೂ ಬಗೆ ಇದೆ. ಒಡೆದು ಒಳಗಿನದ್ದೆಲ್ಲ ಹೊರಗೆ ಚೆಲ್ಲಿದರೆ ಸುತ್ತಲೂ ಉರಿಯೂತ. ಅಪೊಪ್ಟೋಸಿಸ್ ಹಾಗಲ್ಲ. ಜೀವಕೋಶ ತನ್ನನ್ನು ತಾನೇ ಒಳಗಿನಿಂದ ಬಿಚ್ಚಿ, ಪೊಟ್ಟಣ ಕಟ್ಟಿ, ಪಕ್ಕದವರು ನುಂಗಲಿ ಅಂತ ಇಡುತ್ತದೆ. ಈ ಹೆಸರು ಬಂದದ್ದು 1972ರಲ್ಲಿ, ಕೆರ್, ವೈಲಿ ಮತ್ತು ಕರ್ರಿ ಬರೆದ ಪ್ರಬಂಧದಿಂದ.

ಆ ಬಿಚ್ಚುವ ಕೆಲಸಕ್ಕೆ ಇರುವ ಕತ್ತರಿಗಳೇ ಕ್ಯಾಸ್ಪೇಸ್‌ಗಳು. ಪ್ರೋಟೀನ್ ಸರಪಳಿಯಲ್ಲಿ ಆಸ್ಪಾರ್ಟಿಕ್ ಆಮ್ಲ ಬಂದ ಕಡೆ, ಅದರ ಆಚೆ ಬದಿಗೆ ಕತ್ತರಿಸುತ್ತವೆ. ಆಸ್ಪಾರ್ಟಿಕ್ ಆಮ್ಲ ಇದ್ದಲ್ಲೆಲ್ಲ ಕತ್ತರಿಸುವುದಿಲ್ಲ, ಅದರ ಹಿಂದಿನ ಮೂರು ಅಮೈನೋ ಆಮ್ಲಗಳನ್ನೂ ನೋಡುತ್ತವೆ. ಇಂಥ ಕತ್ತರಿ ಒಳಗೆ ಸುಮ್ನೆ ಬಿದ್ದಿದ್ದರೆ ಅಪಾಯ ಅಲ್ವಾ? ಅದಕ್ಕೇ ಅವು ಮಡಚಿಟ್ಟ ಸ್ಥಿತಿಯಲ್ಲಿ ಇರುತ್ತವೆ. ಜೀವಕೋಶಕ್ಕೆ ಶಕ್ತಿ ಕೊಡುವ ಮೈಟೊಕಾಂಡ್ರಿಯಾದಿಂದ ಸೈಟೊಕ್ರೋಮ್ ಸಿ ಎಂಬ ಪ್ರೋಟೀನ್ ಹೊರಗೆ ಸೋರಿದಾಗ ಎಪಾಫ್-1 ಎಂಬ ಇನ್ನೊಂದು ಪ್ರೋಟೀನಿನ ಏಳು ಅಣುಗಳು ಚಕ್ರದ ಹಾಗೆ ಕೂಡಿಕೊಳ್ಳುತ್ತವೆ. ಆ ಚಕ್ರ ಕ್ಯಾಸ್ಪೇಸ್-9 ಅನ್ನು ಎಬ್ಬಿಸುತ್ತದೆ. 9 ಹೋಗಿ 3 ಮತ್ತು 7 ಅನ್ನು ಕತ್ತರಿಸಿ ಕೆಲಸಕ್ಕೆ ಹಚ್ಚುತ್ತದೆ. ಕತ್ತರಿಸಿದಾಗ ಸಿಗುವ ಕ್ಯಾಸ್ಪೇಸ್-3ರ ದೊಡ್ಡ ತುಂಡೇ ನಾನು ಹುಡುಕುತ್ತಿದ್ದ ಆ 17.

ನನ್ನ ಫ್ಲಾಸ್ಕಿನಲ್ಲಿದ್ದದ್ದು ಎಂಸಿಎಫ್-7, ಸ್ತನ ಕ್ಯಾನ್ಸರಿನ ಜೀವಕೋಶ. ಹಾಕಿದ್ದು ಸ್ಟಾರೋಸ್ಪೋರಿನ್. ಇದು ಹೆಚ್ಚುಕಮ್ಮಿ ಯಾವ ಜೀವಕೋಶವನ್ನೂ ಬಿಡುವುದಿಲ್ಲ. ಮೈಕ್ರೋಸ್ಕೋಪಿನಲ್ಲಿ ಸಾಯುವುದು ಕಾಣುತ್ತಿತ್ತು. ಬ್ಲಾಟಿನಲ್ಲಿ ಮಾತ್ರ ಇಲ್ಲ.

ಮೊದಲ ವಾರ ಪ್ರೋಟೀನ್ ಜಾಸ್ತಿ ಹಾಕಿದೆ, ಟ್ರಾನ್ಸ್‌ಫರ್ ಸಮಯ ಬದಲಿಸಿದೆ. ಎರಡನೇ ವಾರ ಹೊಸ ಆಂಟಿಬಾಡಿ ತರಿಸಿದೆ. ಹಳೆಯ ಟ್ಯೂಬಿನ ಮೇಲೆ ಮಾರ್ಕರಿನಲ್ಲಿ ‘ಕೆಟ್ಟಿದೆ’ ಅಂತ ಬರೆದು ಫ್ರೀಜರಿನ ಮೂಲೆಗೆ ತಳ್ಳಿದೆ. ಹೊಸದರಲ್ಲೂ ಅದೇ ಕಥೆ.

ಈ ಮಧ್ಯೆ ನನ್ನದೇ ಒಂದು ದಡ್ಡತನ ಸಿಕ್ಕಿತು. ಸಾಯುವ ಜೀವಕೋಶ ತಳ ಬಿಟ್ಟು ಮೇಲೆ ತೇಲುತ್ತದೆ. ನಾನೋ, ಪ್ರತಿ ಸಲ ಹಳೆಯ ಮೀಡಿಯಾ (ಜೀವಕೋಶ ಬೆಳೆಯುವ ದ್ರವ) ಚೆಲ್ಲಿ, ತಳವನ್ನು ಎರಡು ಸಲ ತೊಳೆದು, ಉಳಿದದ್ದನ್ನು ಕೆರೆದು ಬ್ಲಾಟಿಗೆ ಹಾಕುತ್ತಿದ್ದೆ. ಅಂದರೆ ಸತ್ತವರನ್ನೆಲ್ಲ ಸಿಂಕಿಗೆ ಸುರಿದು, ಬದುಕಿದ್ದವರಲ್ಲಿ ಸಾವಿನ ಗುರುತು ಹುಡುಕುತ್ತಿದ್ದೆ! ಆಮೇಲೆ ಮೀಡಿಯಾವನ್ನೂ ತೊಳೆದ ನೀರನ್ನೂ ಸೆಂಟ್ರಿಫ್ಯೂಜ್ ಮಾಡಿ ತಳಕ್ಕೆ ಕೂತದ್ದನ್ನೂ ಸೇರಿಸಿದೆ. ಪಾರ್ಪ್ ನೋಡಿದೆ. ಅದು ಡಿಎನ್ಎ ರಿಪೇರಿ ಮಾಡುವ ಪ್ರೋಟೀನ್, ಕ್ಯಾಸ್ಪೇಸ್ ಕತ್ತರಿಸಿದರೆ 116 ಇದ್ದದ್ದು 89 ಆಗುತ್ತದೆ. 89ರ ಗೆರೆ ದಪ್ಪಗೆ ಬಂತು. 17ರ ಜಾಗ ಮಾತ್ರ ಆಗಲೂ ಖಾಲಿ.

ಮೂರನೇ ವಾರ ಡಿಇವಿಡಿ ಅಸ್ಸೇ ಅನ್ನುವ ಪರೀಕ್ಷೆ ಮಾಡಿದೆ. ಡಿಇವಿಡಿ ಎಂಬ ನಾಲ್ಕು ಅಮೈನೋ ಆಮ್ಲದ ಪುಟ್ಟ ತುಂಡಿಗೆ ಒಂದು ಬಣ್ಣದ ಅಣು ಅಂಟಿಸಿರುತ್ತಾರೆ. ಕ್ಯಾಸ್ಪೇಸ್ ಕತ್ತರಿಸಿದರೆ ಆ ಅಣು ಬಿಡುಗಡೆಯಾಗಿ ಹೊಳೆಯುತ್ತದೆ. ಮೊದಲ ಪ್ಲೇಟ್ ಹೊಳೆಯಲೇ ಇಲ್ಲ. ಕಾರಣ ಹಳೆಯ ಡಿಟಿಟಿ. ಕ್ಯಾಸ್ಪೇಸಿನ ಕತ್ತರಿ ಬಾಯಲ್ಲಿ ಇರುವುದು ಸಿಸ್ಟೀನ್, ಅದರ ಗಂಧಕ ಆಕ್ಸಿಡೈಸ್ ಆದರೆ ಬಾಯಿ ಕಚ್ಚಿಕೊಳ್ಳುತ್ತದೆ. ಅದನ್ನು ತಡೆಯಲು ಬಫರಿಗೆ ಡಿಟಿಟಿ ಹಾಕಬೇಕು, ಆವತ್ತೇ ಕರಗಿಸಿದ್ದಾದರೆ ಒಳ್ಳೆಯದು. ಕೊಳೆತ ಮೊಟ್ಟೆಯ ವಾಸನೆ ಸಹಿಸಿಕೊಂಡು ಹೊಸದಾಗಿ ಕರಗಿಸಿ ಹಾಕಿದೆ. ಎರಡನೇ ಪ್ಲೇಟ್ ಚೆನ್ನಾಗಿ ಹೊಳೆಯಿತು.

ಈಗ ನಿಜವಾಗಿ ತಲೆ ಕೆಟ್ಟಿತು. ಅಸ್ಸೇ ‘ಇದೆ’ ಅನ್ನುತ್ತದೆ, ಬ್ಲಾಟ್ ‘ಇಲ್ಲ’ ಅನ್ನುತ್ತದೆ. ಆಂಟಿಬಾಡಿ ಕಂಪನಿಗೆ ಖಾರವಾಗಿ ಒಂದು ಮೇಲ್ ಬರೆದು ಡ್ರಾಫ್ಟ್‌ನಲ್ಲಿ ಇಟ್ಟಿದ್ದೆ. ಕಳಿಸುವ ಮೊದಲು ನಮ್ಮ ಸೀನಿಯರ್ ಮೇಡಂಗೆ ಎರಡೂ ತೋರಿಸಿದೆ. ಅವರು ಫಿಲ್ಮನ್ನು ಸರಿಯಾಗಿ ನೋಡಲೂ ಇಲ್ಲ.

“ಯಾವ ಸೆಲ್?”

“ಎಂಸಿಎಫ್-7, ಮೇಡಂ.”

“ಅದರಲ್ಲಿ ಕ್ಯಾಸ್ಪೇಸ್-3 ಇದೆಯಾ ಅಂತ ನೋಡಿದ್ಯೇನಮ್ಮಾ?”

ನೋಡಿರಲಿಲ್ಲ. ಇದ್ದೇ ಇರುತ್ತದೆ ಅಂದುಕೊಂಡಿದ್ದೆ. ಮೇಡಂ ಹುಡುಕಿ ತೋರಿಸಿದ್ದು 1998ರ ಪ್ರಬಂಧ. ಎಂಸಿಎಫ್-7ರಲ್ಲಿ ಕ್ಯಾಸ್ಪೇಸ್-3ರ ಜೀನಿನಿಂದ 47 ಅಕ್ಷರ ಬಿಟ್ಟುಹೋಗಿವೆ. ಡಿಎನ್ಎಯನ್ನು ಮೂರು ಮೂರು ಅಕ್ಷರವಾಗಿ ಓದುವುದರಿಂದ ಮುಂದಿನದ್ದೆಲ್ಲ ತಪ್ಪು ಓದಾಗುತ್ತದೆ, ಪ್ರೋಟೀನೇ ಆಗುವುದಿಲ್ಲ. ನಾನು ಮೂರು ವಾರ ಹುಡುಕಿದ್ದು ಆ ಜೀವಕೋಶದಲ್ಲಿ ಇಲ್ಲದ ವಸ್ತುವನ್ನು.

ಹಾಗಾದರೆ ಹೊಳೆದದ್ದು ಏನು? ಕ್ಯಾಸ್ಪೇಸ್-7. ಅದೂ ಡಿಇವಿಡಿಯನ್ನು ಕತ್ತರಿಸುತ್ತದೆ, ಪಾರ್ಪನ್ನೂ ಕತ್ತರಿಸುತ್ತದೆ. ಕಿಟ್ಟಿನ ಡಬ್ಬಿಯ ಮೇಲೆ ‘ಕ್ಯಾಸ್ಪೇಸ್-3/7’ ಅಂತ ದೊಡ್ಡದಾಗಿ ಬರೆದಿತ್ತು. ದಿನಾ ಕೈಯಲ್ಲಿ ಹಿಡಿದಿದ್ದೆ. ನನ್ನ ಕಣ್ಣು 3ರಲ್ಲೇ ನಿಂತುಬಿಟ್ಟಿತ್ತು.

ಪ್ರಬಂಧದಲ್ಲಿ ನನಗೆ ಜಾಸ್ತಿ ಹಿಡಿಸಿದ್ದು ಬೇರೆ ಸಂಗತಿ. ಎಂಸಿಎಫ್-7 ಸಾಯುತ್ತದೆ, ಆದರೆ ಅದರ ಡಿಎನ್ಎ ಏಣಿಯ ಮೆಟ್ಟಿಲುಗಳ ಹಾಗೆ ತುಂಡಾಗುವುದಿಲ್ಲ, ಮೈ ಮೇಲೆ ಗುಳ್ಳೆಗಳೂ ಏಳುವುದಿಲ್ಲ. ಡಿಎನ್ಎ ಕತ್ತರಿಸುವ ಕಿಣ್ವವನ್ನು ಇನ್ನೊಂದು ಪ್ರೋಟೀನ್ ಅಪ್ಪಿ ಹಿಡಿದಿರುತ್ತದೆ, ಆ ಹಿಡಿತ ಬಿಡಿಸುವ ಮುಖ್ಯ ಕೆಲಸ 3ರದ್ದು. ಜೀನನ್ನು ವಾಪಸ್ ಹಾಕಿದರೆ ಏಣಿಯೂ ಬಂತು, ಗುಳ್ಳೆಯೂ ಬಂತು. ಸಾವು ಅದೇ, ಹೆಣ ಕಟ್ಟುವ ರೀತಿ ಬೇರೆ. ನಾನು ಮೈಕ್ರೋಸ್ಕೋಪಿನಲ್ಲಿ ‘ಗುಳ್ಳೆ ಕಡಿಮೆ’ ಅಂತ ನೋಟ್‌ಬುಕ್ಕಿನಲ್ಲಿ ಬರೆದೂ ಇದ್ದೆ. ಡೋಸ್ ಸಾಲಲಿಲ್ಲ ಅಂತ ಕಾರಣವನ್ನೂ ನಾನೇ ಕೊಟ್ಟುಕೊಂಡಿದ್ದೆ.

ಮಾರನೇ ದಿನ ಕ್ಯಾಸ್ಪೇಸ್-3 ಇರುವ ಹೀಲಾ ಎಂಬ ಇನ್ನೊಂದು ಬಗೆಯ ಕ್ಯಾನ್ಸರ್ ಜೀವಕೋಶಗಳಿಗೂ ಅದೇ ಸ್ಟಾರೋಸ್ಪೋರಿನ್ ಹಾಕಿ, ಒಂದೇ ಜೆಲ್ಲಿನಲ್ಲಿ ಎಂಸಿಎಫ್-7ರ ಪಕ್ಕ ಓಡಿಸಿದೆ. ಮೊದಲ ದಿನವೇ ಮಾಡಬೇಕಿದ್ದ ಕಂಟ್ರೋಲ್ ಅದು. ಹೊಸ ಆಂಟಿಬಾಡಿ ಮುಗಿಯುತ್ತಾ ಬಂದಿತ್ತು, ಆದ್ದರಿಂದ ಫ್ರೀಜರಿನ ಮೂಲೆಯಿಂದ ಹಳೆಯದನ್ನೇ ತೆಗೆದೆ. ಹೀಲಾ ಲೇನಿನಲ್ಲಿ 17ರ ಗೆರೆ ಅಚ್ಚುಕಟ್ಟಾಗಿ ನಿಂತಿತ್ತು. ಪಕ್ಕದ ಲೇನ್ ಎಂದಿನಂತೆ ಖಾಲಿ. ಡ್ರಾಫ್ಟ್‌ನಲ್ಲಿದ್ದ ಮೇಲ್ ಅಳಿಸಿದೆ. ಟ್ಯೂಬಿನ ಮೇಲಿನ ‘ಕೆಟ್ಟಿದೆ’ಯನ್ನು ಸ್ಪಿರಿಟ್ ಹಚ್ಚಿ ಉಜ್ಜಿದೆ. ಪೂರ್ತಿ ಹೋಗಲಿಲ್ಲ.