ಸೈಟ್ ಗ್ಲಾಸ್‌ನಲ್ಲಿ ಗುಳ್ಳೆ ಬಂದರೆ ಗ್ಯಾಸ್ ಕಮ್ಮಿ ಅಂತಲೇ ಅಲ್ಲ

ಏಪ್ರಿಲ್ ಸಂಜೆ ಬೆಂಗಳೂರಿನ ಒಂದು ಸೂಪರ್‌ಮಾರ್ಕೆಟ್‌ನಿಂದ ಕಾಲ್ ಬಂತು. ಹಾಲು-ಮೊಸರಿನ ಮಲ್ಟಿಡೆಕ್ (ಮುಂದೆ ತೆರೆದಿರುವ ತಂಪು ಶೆಲ್ಫ್) 9 ಡಿಗ್ರಿ ತೋರಿಸುತ್ತಿದೆ, ಇರಬೇಕಾದದ್ದು 4. ಟೆರೇಸ್ ಮೇಲಿನ ಯೂನಿಟ್‌ಗೆ ಗೇಜ್ ಹಾಕಿದಾಗ ಸಕ್ಷನ್ (ಕಂಪ್ರೆಸರ್‌ಗೆ ವಾಪಸ್ ಬರುವ ಗ್ಯಾಸಿನ ಪ್ರೆಶರ್) 30 ಪಿಎಸ್‌ಐ, ಸೈಟ್ ಗ್ಲಾಸ್ (ಪೈಪಿನೊಳಗಿನ ಲಿಕ್ವಿಡ್ ಕಾಣುವ ಗಾಜಿನ ಕಿಂಡಿ) ತುಂಬ ಗುಳ್ಳೆ. ಒಳಗಿರುವುದು ಆರ್404ಎ ಎಂಬ ತಂಪು ಮಾಡುವ ಗ್ಯಾಸ್, ಸಕ್ಷನ್ 48ರ ಆಸುಪಾಸು ಇರಬೇಕಿತ್ತು. ಮೂರು ತಿಂಗಳ ಹಿಂದೆ ಇದೇ ಲಿಕ್ವಿಡ್ ಲೈನ್ ಲೀಕ್ ಆಗಿ ನಾವೇ ಬ್ರೇಜಿಂಗ್ ಮಾಡಿದ್ದೆವು. ಮತ್ತೆ ಅದೇ ಲೀಕ್ ಎಂದುಕೊಂಡು, ಸಿಲಿಂಡರ್ ತಲೆಕೆಳಗೆ ಮಾಡಿ ಸ್ವಲ್ಪ ಸ್ವಲ್ಪವಾಗಿ 4 ಕೆಜಿ ಹಾಕಿದೆ. ಗುಳ್ಳೆ ತೆಳುವಾಯಿತು, ಸಕ್ಷನ್ ಎರಡು ಪಿಎಸ್‌ಐ ಏರಿತು. ಅಷ್ಟನ್ನೇ ನೋಡಿ ಜಾಬ್ ಶೀಟ್‌ಗೆ ಸಹಿ ಹಾಕಿಸಿಕೊಂಡದ್ದು ತಪ್ಪು.

ಮರುದಿನ ಮಧ್ಯಾಹ್ನ ಎರಡಕ್ಕೆ ಎಚ್‌ಪಿ ಟ್ರಿಪ್, ಅಂದರೆ ಕಂಪ್ರೆಸರ್‌ನಿಂದ ಹೊರಬರುವ ಕಡೆಯ ಹೆಡ್ ಪ್ರೆಶರ್ ಮಿತಿ ಮೀರಿ ಯೂನಿಟ್ ತಾನೇ ನಿಂತಿತ್ತು. ರೀಸೆಟ್ ಒತ್ತಿ ಗೇಜ್ ಮುಂದೆ ನಿಂತೆ: 300, 340, 370. 390 ಹತ್ತಿರ ಬಂದಾಗ ಮತ್ತೆ ಟ್ರಿಪ್. ಕೆಳಗೆ ಕೇಸ್ 12 ಡಿಗ್ರಿಗೆ ಹೋಗಿತ್ತು, ಹುಡುಗರು ಹಾಲಿನ ಕ್ರೇಟ್‌ಗಳನ್ನು ಕೋಲ್ಡ್ ರೂಮಿಗೆ ಹೊರುತ್ತಿದ್ದರು. ಹಾಕಿದ ಗ್ಯಾಸನ್ನು ರಿಕವರಿ ಸಿಲಿಂಡರಿಗೆ ತೂಕ ನೋಡಿಕೊಂಡು ವಾಪಸ್ ತೆಗೆದು, ಯೂನಿಟ್ ಓಡಿಸಿ ಡ್ರೈಯರ್ (ಲಿಕ್ವಿಡ್ ಲೈನಿನಲ್ಲಿ ತೇವ, ಕಸ ಹಿಡಿಯುವ ಫಿಲ್ಟರ್) ಮುಟ್ಟಿದೆ. ಒಂದು ತುದಿ ಬೆಚ್ಚಗೆ, ಇನ್ನೊಂದು ತಣ್ಣಗೆ. ಕ್ಲಾಂಪ್ ಪ್ರೋಬ್ ಹಾಕಿದಾಗ ಒಳಗೆ ಹೋಗುವಲ್ಲಿ 41, ಹೊರಬರುವಲ್ಲಿ 32. ಒಂದೆರಡು ಡಿಗ್ರಿ ವ್ಯತ್ಯಾಸ ಬಂದರೂ ಅನುಮಾನ ಪಡಬೇಕು, ಇಲ್ಲಿ ಒಂಬತ್ತು. ಹಿಂದಿನ ಸಂಜೆ ಐದು ನಿಮಿಷ ಕೊಟ್ಟಿದ್ದರೆ ಗೊತ್ತಾಗುತ್ತಿತ್ತು.

ಡ್ರೈಯರ್ ಕಟ್ಟಿಕೊಂಡರೆ ಅದನ್ನು ದಾಟುವಾಗ ಪ್ರೆಶರ್ ಬಿದ್ದು ಲಿಕ್ವಿಡ್ ಅಲ್ಲೇ ಕುದಿಯುತ್ತದೆ. ಸೈಟ್ ಗ್ಲಾಸ್ ಇರುವುದು ಡ್ರೈಯರ್ ಆದಮೇಲೆ, ಹಾಗಾಗಿ ಗ್ಯಾಸ್ ಸರಿಯಾಗಿದ್ದರೂ ಗುಳ್ಳೆ ಕಾಣುತ್ತದೆ. ಮೇಲಿಂದ ಹಾಕಿದ ಗ್ಯಾಸ್ ಮೊದಲು ರಿಸೀವರ್ (ಲಿಕ್ವಿಡ್ ಕೂಡಿಡುವ ಟ್ಯಾಂಕ್) ತುಂಬಿ, ಆಮೇಲೆ ಬಿಸಿ ಹೊರಬಿಡುವ ಕಂಡೆನ್ಸರ್‌ನೊಳಗೆ ನಿಲ್ಲುತ್ತದೆ. ಸಂಜೆಯ ತಂಪಿನಲ್ಲಿ ಅದು ಗೊತ್ತಾಗುವುದಿಲ್ಲ, ಮಧ್ಯಾಹ್ನದ ಬಿಸಿಲಿಗೆ ಹೆಡ್ ಪ್ರೆಶರ್ ಏರುತ್ತದೆ.

ರಿಸೀವರ್ ಔಟ್‌ಲೆಟ್ ಮುಚ್ಚಿ, ಪಂಪ್ ಡೌನ್ ಮಾಡಿ (ಗ್ಯಾಸನ್ನೆಲ್ಲ ರಿಸೀವರಿಗೆ ಎಳೆದು), ಸಕ್ಷನ್ 2 ಪಿಎಸ್‌ಐಗೆ ಬಂದಾಗ ನಿಲ್ಲಿಸಿ ಡ್ರೈಯರ್ ಬಿಚ್ಚಿದೆವು. ಹೊಸ ಡ್ರೈಯರ್, ಹೊಸ ಫ್ಲೇರ್, ನೈಟ್ರೋಜನ್ ಪ್ರೆಶರ್ ಟೆಸ್ಟ್, 500 ಮೈಕ್ರಾನ್‌ಗಿಂತ ಕೆಳಗೆ ವ್ಯಾಕ್ಯೂಮ್. ಆಮೇಲೆ ಸಕ್ಷನ್ 47, ಸೂಪರ್‌ಹೀಟ್ (ವಾಪಸ್ ಬರುವ ಗ್ಯಾಸ್ ತನ್ನ ಕುದಿಯುವ ಉಷ್ಣತೆಗಿಂತ ಎಷ್ಟು ಬಿಸಿ ಎಂಬ ಲೆಕ್ಕ) 6 ಡಿಗ್ರಿ, ಗ್ಲಾಸ್ ಸ್ವಚ್ಛ. ಹೊಸದಾಗಿ ಒಂದು ಗ್ರಾಂ ಗ್ಯಾಸ್ ಕೂಡ ಬೇಕಾಗಲಿಲ್ಲ.

ಹಳೇ ಡ್ರೈಯರನ್ನು ಹ್ಯಾಕ್ಸಾದಲ್ಲಿ ಕೊಯ್ದಾಗ ಒಳಗಿನ ಜಾಲರಿ ಮೇಲೆ ಕಾಡಿಗೆಯಂಥ ಕಪ್ಪು ಚಕ್ಕೆಗಳು ಅಂಟಿದ್ದವು. ತಾಮ್ರದ ಆಕ್ಸೈಡ್. ಮೂರು ತಿಂಗಳ ಹಿಂದೆ ನೈಟ್ರೋಜನ್ ಬಿಡದೆ ಬ್ರೇಜಿಂಗ್ ಮಾಡಿದ್ದರ ಫಲ. ಕಾದ ಪೈಪಿನ ಒಳಗೆ ಗಾಳಿ ಇದ್ದರೆ ಈ ಕರಿ ಬಂದೇ ಬರುತ್ತದೆ. ಒದ್ದೆ ಬೆರಳಿಗೆ ತಣ್ಣಗೆ ತಾಗುವಷ್ಟು ನೈಟ್ರೋಜನ್ ಹರಿಯುತ್ತಿದ್ದರೆ ಸಾಕು. ಲೈನ್ ತೆರೆದ ದಿನವೇ ಡ್ರೈಯರನ್ನೂ ಬದಲಿಸಬೇಕಿತ್ತು, ಅದನ್ನೂ ಮಾಡಿರಲಿಲ್ಲ.

ಕರೆಂಟಿನ ಲೆಕ್ಕವೂ ಸಣ್ಣದಲ್ಲ. ಈ ಗ್ಯಾಸ್ 48 ಪಿಎಸ್‌ಐಯಲ್ಲಿ ಮೈನಸ್ 10 ಡಿಗ್ರಿಗೆ ಕುದಿಯುತ್ತದೆ, 30ರಲ್ಲಿ ಮೈನಸ್ 20ಕ್ಕೆ. ಈ ಕುದಿಯುವ (ಇವ್ಯಾಪರೇಟಿಂಗ್) ಉಷ್ಣತೆ ಒಂದು ಡಿಗ್ರಿ ಇಳಿದರೆ ಅದೇ ತಂಪಿಗೆ ಸುಮಾರು 2ರಿಂದ 3 ಶೇಕಡಾ ಹೆಚ್ಚು ಕರೆಂಟ್. ಹತ್ತು ಡಿಗ್ರಿಗೆ ಸುಮಾರು ಕಾಲು ಭಾಗ ಹೆಚ್ಚಾಯಿತು, ಅದೂ ಎಷ್ಟು ದಿನದಿಂದಲೋ! ಪರಿಸರದ ಲೆಕ್ಕವೂ ಇದೆ: ಆರ್404ಎಯ ಜಿಡಬ್ಲ್ಯೂಪಿ (ಇಂಗಾಲದ ಡೈಆಕ್ಸೈಡ್‌ಗೆ ಹೋಲಿಸಿದರೆ ಭೂಮಿಯನ್ನು ಎಷ್ಟು ಪಟ್ಟು ಬಿಸಿ ಮಾಡುತ್ತದೆ ಎಂಬ ಅಂಕಿ) 3922. ಆ 4 ಕೆಜಿ ಗಾಳಿಗೆ ಹೋಗಿದ್ದರೆ 15.7 ಟನ್ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟೇ ಸಮ.

ಎಎಂಸಿಯಲ್ಲಿ (ವಾರ್ಷಿಕ ನಿರ್ವಹಣೆ ಒಪ್ಪಂದದಲ್ಲಿ) ಗ್ಯಾಸಿಗೆ ಬಿಲ್ ಆಗುತ್ತದೆ, ಲೀಕ್ ಹುಡುಕುವ ಗಂಟೆಗಳಿಗೆ ಆಗುವುದಿಲ್ಲ. ದಿನಕ್ಕೆ ಆರು ಕಾಲ್ ಮುಗಿಸಬೇಕು ಅಂದರೆ ಸಿಲಿಂಡರ್ ಬೇಗ ಕೈಗೆ ಬರುತ್ತದೆ, ನೈಟ್ರೋಜನ್ ಗಾಡಿಯಲ್ಲೇ ಉಳಿಯುತ್ತದೆ. ಇದನ್ನು ಮ್ಯಾನೇಜ್‌ಮೆಂಟ್‌ಗೆ ಬರೆದು ಕೊಟ್ಟಿದ್ದೇನೆ. ಸದ್ಯಕ್ಕೆ ನಮ್ಮ ಜಾಬ್ ಶೀಟ್‌ನಲ್ಲಿ ಗ್ಯಾಸ್ ತೂಕದ ಖಾನೆಗೆ ಮೊದಲು ಎರಡು ಖಾನೆ ಸೇರಿಸಿದ್ದೇವೆ: ಡ್ರೈಯರ್ ಇನ್, ಡ್ರೈಯರ್ ಔಟ್.