ಕಟ್ಟಿಕೊಳ್ಳುವ ಅಂಗಿ: ಕೊಡಗಿನ ತಿರುಗಾಟದ ಹೊಲಿಗೆ ದಾಖಲೆ

ಮಳೆಗಾಲದ ಆರಂಭದಲ್ಲಿ ಕೈಗೆತ್ತಿಕೊಂಡ ಈ ಕೆಲಸದ ಗುರಿ ಇಷ್ಟೇ: ನಾನೂ ನನ್ನ ಗೆಳತಿಯೂ ಕೊಡಗಿನೊಳಗೆ ತಿರುಗಾಡುವಾಗ ಗುಡ್ಡದ ದಾರಿಗೂ ಬಸ್ಸಿನ ಪ್ರಯಾಣಕ್ಕೂ ಪರಿಚಿತರ ಮನೆಯ ಊಟಕ್ಕೂ ಒಗ್ಗುವಂಥ ಉಡುಪನ್ನು ನಾವೇ ಹೊಲಿದುಕೊಳ್ಳಬೇಕು. ಬಟ್ಟೆ ನಮ್ಮ ನಾಡಿನ ಮಗ್ಗದ್ದಾಗಿರಬೇಕು, ಎಲ್ಲವೂ ಒಂದು ಹೆಗಲಚೀಲದಲ್ಲಿ ಹಿಡಿಯಬೇಕು, ನೋಡಿದವರಿಗೆ ಅದು ನಮ್ಮಿಬ್ಬರದೇ ಎನಿಸಬೇಕು. ಕೊನೆಯ ಷರತ್ತು ಎಲ್ಲಕ್ಕಿಂತ ಕಠಿಣವಾದುದು. ಏಕೆಂದರೆ ನಮ್ಮಿಬ್ಬರ ಅಭಿರುಚಿಗಳು ಒಂದಕ್ಕೊಂದು ವಿರುದ್ಧ ದಿಕ್ಕಿನವು. ಮಡಿಕೇರಿಯಲ್ಲಿ ನೆಲೆಸಿದ ನಾನು ಬೂದು, ಮಣ್ಣು, ಮಾಸಲು ನೀಲಿ ಇವುಗಳಾಚೆಗೆ ಹೋದವಳಲ್ಲ. ಬಾಗಲಕೋಟೆ ಜಿಲ್ಲೆಯಲ್ಲಿ ಹುಟ್ಟಿ ಬೆಳೆದ ಆಕೆಗೆ ಗುಳೇದಗುಡ್ಡದ ಖಣ ಎಂಬ ರವಿಕೆಯ ಬಟ್ಟೆ, ಇಳಕಲ್ ಸೀರೆಯ ದಡಿ, ಕಣ್ಣಿಗೆ ಹೊಡೆಯುವ ಕೆಂಪು ಹಸಿರುಗಳೆಂದರೆ ಪ್ರಾಣ. "ನೀ ಯಾಕವಾ ಯಾವಾಗ್ಲೂ ಮಂಜಿನ ಬಣ್ಣದ ಅರಿವಿನ ಹಾಕ್ಕೋತಿ? ಗುಡ್ಡದಾಗ ಕಳದ್ರ ಹುಡುಕೋದು ಹೆಂಗ?" ಎಂದು ಆಕೆ ಕೇಳಿದ ದಿನವೇ ಈ ಯೋಜನೆ ಹುಟ್ಟಿತೆನ್ನಬಹುದು.

ಆಗಸ್ಟ್, ಕಕ್ಕಬೆಯ ಕಡೆ

ಮೊದಲ ಪರೀಕ್ಷೆಗೆ ನಾವು ಆರಿಸಿಕೊಂಡದ್ದು ಕಕ್ಕಬೆಯ ಬಳಿಯ ನಾಲ್ಕುನಾಡು ಅರಮನೆಯ ಸುತ್ತಮುತ್ತಲ ದಾರಿಗಳನ್ನು. ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಈ ಅರಮನೆ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿದೆ. 1,748 ಮೀಟರ್ ಎತ್ತರದ ಆ ಬೆಟ್ಟವನ್ನು ಮಳೆಯಲ್ಲಿ ಹತ್ತುವ ಉದ್ದೇಶ ನಮಗಿರಲಿಲ್ಲ. ಬಟ್ಟೆ ಎಲ್ಲಿ ಒದ್ದೆಯಾಗುತ್ತದೆ, ಎಲ್ಲಿ ಬಿಗಿಯುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಎಂಬುದನ್ನು ತಿಳಿಯಲು ತೋಟದ ನಡುವಿನ ಕಾಲುದಾರಿಗಳೇ ಸಾಕು.

ಆ ನಡಿಗೆಯಲ್ಲಿ ಸ್ಪಷ್ಟವಾದ ಸಂಗತಿಗಳಲ್ಲಿ ಮುಖ್ಯವಾದುದು ನೀರು ಮೇಲಿನಿಂದ ಬೀಳುವುದಕ್ಕಿಂತ ಕೆಳಗಿನಿಂದ ಏರುವುದೇ ಹೆಚ್ಚು ಎಂಬುದು. ಕೊಡೆ ಎಷ್ಟೇ ದೊಡ್ಡದಿರಲಿ, ಹತ್ತಿಯ ಪೈಜಾಮದ ಅಂಚು ಹುಲ್ಲಿಗೆ ತಾಗಿ ಒದ್ದೆಯಾದರೆ ದೀಪದ ಬತ್ತಿ ಎಣ್ಣೆ ಹೀರುವಂತೆ ನೀರನ್ನು ಮೊಣಕಾಲಿನವರೆಗೂ ಎಳೆದುಕೊಳ್ಳುತ್ತದೆ. ಆದ್ದರಿಂದ ಪೈಜಾಮವನ್ನು ಮೀನಖಂಡದ ನಡುವಿಗೆ ಮೊಟಕುಗೊಳಿಸಿ, ಅಂಚಿಗೆ ಲಾಡಿ ಹಾಕಿ, ಅದರ ಮೇಲೆ ಉದ್ದನೆಯ ದಪ್ಪ ಕಾಲುಚೀಲ ಎಳೆದುಕೊಳ್ಳುವ ವ್ಯವಸ್ಥೆ ಮಾಡಿದೆವು. ಇದರಿಂದ ಜಿಗಣೆಗಳ ಹಾವಳಿಯೂ ಬಹುಮಟ್ಟಿಗೆ ತಗ್ಗಿತು, ಏಕೆಂದರೆ ಅವು ಕಾಲುಚೀಲದ ಹೊರಮೈ ಮೇಲೆ ಏರುತ್ತಿರುವುದು ಕಣ್ಣಿಗೆ ಬೀಳುತ್ತದೆ. ಪ್ಲಾಸ್ಟಿಕ್ ಮಳೆಯಂಗಿಯನ್ನು ಇಬ್ಬರೂ ಕೈಬಿಟ್ಟೆವು. ಏರುದಾರಿಯಲ್ಲಿ ಅದರ ಒಳಗಿನ ಬೆವರು ಹೊರಗಿನ ಮಳೆಗಿಂತ ಹೆಚ್ಚು ತೋಯಿಸುತ್ತದೆ. ಹಿಂದೆ ಈ ಕಡೆ ಗದ್ದೆ ಕೆಲಸಕ್ಕೆ ಕಂಬಳಿಯ ಕೊಪ್ಪೆ ಹೊದೆಯುತ್ತಿದ್ದವರ ಲೆಕ್ಕಾಚಾರ ಸರಿಯಾಗಿಯೇ ಇತ್ತು: ಉಣ್ಣೆ ಒದ್ದೆಯಾದರೂ ಮೈಯನ್ನು ಬೆಚ್ಚಗಿಡುತ್ತದೆ, ಮುಂಭಾಗ ತೆರೆದಿರುವುದರಿಂದ ಗಾಳಿಯೂ ಆಡುತ್ತದೆ.

ಗೆಳತಿಯ ಖಣದ ರವಿಕೆ ಪೊದೆಗಳ ಮುಳ್ಳಿಗೆ ಸಿಕ್ಕಿ ಅಲ್ಲಲ್ಲಿ ಎಳೆ ಬಿಟ್ಟಿತು. ಖಣದ ವಿನ್ಯಾಸವನ್ನು ಹೆಚ್ಚುವರಿ ಎಳೆಗಳಿಂದ ನೇಯುವುದರಿಂದ ಅದಕ್ಕೆ ತೆಳು ಪಾಪ್ಲಿನ್ ಲೈನಿಂಗ್ ಕೊಡುವುದೂ, ಹೊರಗೆ ಚಾಚುವ ಭಾಗಗಳಿಗೆ ಅದನ್ನು ಬಳಸದಿರುವುದೂ ಒಳ್ಳೆಯದೆಂದು ನಿರ್ಧರಿಸಿದೆವು.

ಸೆಪ್ಟೆಂಬರ್, ವಿರಾಜಪೇಟೆ

ಈ ತಿಂಗಳ ಕೆಲಸ ಇಡೀ ಯೋಜನೆಯ ದಿಕ್ಕನ್ನು ಬದಲಿಸಿತು. ಸೆಪ್ಟೆಂಬರ್ 3ರ ಕೈಲ್ ಮುಹೂರ್ತಕ್ಕೆ, ಅಂದರೆ ನಾಟಿ ಮುಗಿಸಿ ಕೋವಿ ಕತ್ತಿಗಳಿಗೆ ಹೂ ಮುಡಿಸಿ ಪೂಜಿಸುವ ಹಬ್ಬಕ್ಕೆ, ನೆರೆಮನೆಯವರು ನಮ್ಮನ್ನು ವಿರಾಜಪೇಟೆ ಕಡೆಯ ತಮ್ಮ ಮನೆತನದ ಮೂಲಮನೆಯಾದ ಐನ್‌ಮನೆಗೆ ಕರೆದೊಯ್ದರು. ಅಲ್ಲಿ ಕೊಡವ ಉಡುಪನ್ನು ನಾವು ಫೋಟೊದ ದೃಷ್ಟಿಯಿಂದಲ್ಲದೆ ಹೊಲಿಗೆಯ ದೃಷ್ಟಿಯಿಂದ ಹತ್ತಿರದಲ್ಲಿ ಕಂಡೆವು.

ಹೆಂಗಸರ ಸೀರೆಯಲ್ಲಿ ನೆರಿಗೆ ಬೆನ್ನ ಕಡೆಗಿರುತ್ತದೆ. ಸೆರಗು ಎಡ ಕಂಕುಳಿನ ಕೆಳಗಿನಿಂದ ಎದೆಯ ಮೇಲೆ ಹಾದು ಬಲ ಭುಜದ ಮೇಲೆ ನಿಲ್ಲುತ್ತದೆ. ಬಲಮುರಿಯಲ್ಲಿ ಕಾವೇರಿ ಹರಿದ ರಭಸಕ್ಕೆ ಹೆಂಗಸರ ನೆರಿಗೆಗಳು ಹಿಂದಕ್ಕೆ ಸರಿದವು ಎಂಬ ಐತಿಹ್ಯವನ್ನು ಇಲ್ಲಿ ಎಲ್ಲರೂ ಬಲ್ಲರು. ಐತಿಹ್ಯದ ಚೆಲುವು ಅದರ ಪಾಡಿಗೆ ಇರಲಿ. ಉಟ್ಟು ನಡೆದು ನೋಡಿದರೆ ಅದರ ಅನುಕೂಲವೂ ತಿಳಿಯುತ್ತದೆ. ಮುಂದೆ ನೆರಿಗೆಯ ರಾಶಿ ಇಲ್ಲದ್ದರಿಂದ ಮೆಟ್ಟಿಲು ಹತ್ತುವಾಗ ಪಾದ ಸಿಕ್ಕಿಕೊಳ್ಳುವುದಿಲ್ಲ, ಬಗ್ಗಿದಾಗ ಸೆರಗು ಜಾರುವುದಿಲ್ಲ, ಎರಡೂ ಕೈಗಳು ಬಿಡುವಾಗಿರುತ್ತವೆ. ಆ ಮನೆಯ ಹಿರಿಯರೊಬ್ಬರು ನನ್ನ ಗೆಳತಿಯ ಇಳಕಲ್ ಸೀರೆಯನ್ನೇ ಈ ರೀತಿ ಉಡಿಸಿದರು. ತುಸು ಹೊತ್ತು ಅಂಗಳದಲ್ಲಿ ಓಡಾಡಿ ಬಂದ ಆಕೆ, ಬಸ್ಸು ಹತ್ತಲು ಇಷ್ಟು ಸಲೀಸಾದ ಸೀರೆಯನ್ನು ತಾನು ಉಟ್ಟಿರಲಿಲ್ಲವೆಂದಳು.

ಗಂಡಸರ ಕುಪ್ಯದ ಮೇಲೆ ನನ್ನ ಕಣ್ಣು ನೆಟ್ಟಿತು. ಮೊಣಕಾಲಿನವರೆಗೆ ಇಳಿಯುವ, ಅರ್ಧ ತೋಳಿನ, ಕಪ್ಪು ಬಣ್ಣದ ಈ ನಿಲುವಂಗಿಯನ್ನು ಬಿಳಿಯ ತುಂಬುತೋಳಿನ ಅಂಗಿಯ ಮೇಲೆ ತೊಟ್ಟು, ಒಂದು ಪಕ್ಕವನ್ನು ಇನ್ನೊಂದರ ಮೇಲೆ ತಂದು, ನಡುವಿಗೆ ಕೆಂಪು ರೇಷ್ಮೆಯ ಚೇಲೆ ಸುತ್ತುತ್ತಾರೆ. ಪೀಚೆಕತ್ತಿ ಎಂಬ ಕಿರುಗತ್ತಿಯನ್ನು ಆ ಚೇಲೆಗೇ ಸಿಕ್ಕಿಸುತ್ತಾರೆ. ಉಡುಪಿನ ಭಾರವನ್ನೂ ಅಳತೆಯನ್ನೂ ಹಿಡಿದಿಡುವ ಕೆಲಸವೆಲ್ಲ ಆ ನಡುಪಟ್ಟಿಯದು. ಒಳಗೆ ಸ್ವೆಟರ್ ಹಾಕಿದರೂ, ತೊಡುವವರು ತುಸು ದಪ್ಪಗಾದರೂ, ಅಪ್ಪನದನ್ನು ಮಗ ತೊಟ್ಟರೂ ಅಂಗಿ ಹೊಂದುತ್ತದೆ. ಅರ್ಧ ತೋಳಿನ ಜಾಣತನವೂ ಮಳೆನಾಡಿನಲ್ಲಿ ಬೇಗ ಅರ್ಥವಾಗುತ್ತದೆ: ಕೊಡೆ ಹಿಡಿದ ಕೈಯ ಮೇಲಿಂದ ಇಳಿಯುವ ನೀರು ದಪ್ಪ ಹೊರ ಅಂಗಿಯನ್ನು ಮುಟ್ಟುವ ಮೊದಲೇ ತೆಳ್ಳನೆಯ ಒಳತೋಳನ್ನು ಮಡಚಿಕೊಳ್ಳಬಹುದು.

ಇಲ್ಲಿ ಒಂದು ಗೆರೆ ಎಳೆದುಕೊಳ್ಳುವುದು ಅಗತ್ಯವಾಯಿತು. ಕುಪ್ಯ ಕೊಡವ ಗಂಡಸರ ಸಮಾರಂಭದ ಉಡುಪು, ಅದರ ಬಣ್ಣಕ್ಕೂ ಅರ್ಥವಿದೆ. ಮದುಮಗ ತೊಡುವುದು ಬಿಳಿಯ ಕುಪ್ಯವನ್ನು. ಅದನ್ನು ಹಾಗೆಯೇ ನಕಲು ಮಾಡಿ ಬೆಟ್ಟದ ತುದಿಯಲ್ಲಿ ಫೋಟೊ ತೆಗೆಸಿಕೊಂಡರೆ ಅದು ವೇಷವಾಗುತ್ತದೆಯೇ ಹೊರತು ನಮ್ಮ ಶೈಲಿಯಾಗುವುದಿಲ್ಲ. ಪ್ರವಾಸಿಗಳು ಒಂದು ಗಳಿಗೆಗೆಂದು ಉಡಿಸಿಕೊಂಡು ಕಳಚುವ ಸೀರೆಗಳ ವಿಷಯದಲ್ಲಿಯೂ ನನ್ನ ಅಭಿಪ್ರಾಯ ಇದೇ. ಆದ್ದರಿಂದ ಪಕ್ಕದ ಮೇಲೆ ಪಕ್ಕ, ಗುಂಡಿಯಿಲ್ಲದ ಮುಂಭಾಗ, ಅರ್ಧ ತೋಳು, ನಡುಪಟ್ಟಿ ಎಂಬ ಕಟ್ಟಣೆಯ ಸೂತ್ರವನ್ನು ಮಾತ್ರ ತೆಗೆದುಕೊಂಡು, ಕಪ್ಪು, ಬಿಳಿ ಮತ್ತು ಕೆಂಪು ನಡುಪಟ್ಟಿಯನ್ನು ಬಿಟ್ಟೆವು. ಊರಿನ ದರ್ಜಿಯೊಬ್ಬರಿಗೆ ನನ್ನ ರೇಖಾಚಿತ್ರ ತೋರಿಸಿದಾಗ ಅವರು ಕತ್ತರಿಯ ಹಿಡಿಯಿಂದ ಕಂಕುಳಿನ ಜಾಗವನ್ನು ತೋರಿಸಿ, "ಇಲ್ಲೊಂದು ಚೌಕದ ತುಂಡು ಕೊಡಿ ಅಕ್ಕ, ಇಲ್ಲದಿದ್ದರೆ ಕೈ ಎತ್ತಿದ ಕೂಡಲೇ ಇಡೀ ಅಂಗಿ ಮೇಲೆ ಬರುತ್ತದೆ" ಎಂದರು. ಹತ್ತು ಸೆಂಟಿಮೀಟರ್ ಚೌಕದ ಆ ತುಂಡು ಈ ಅಂಗಿಯ ಅತ್ಯಂತ ಉಪಯುಕ್ತ ಭಾಗವಾಗಿದೆ.

ಅಕ್ಟೋಬರ್, ಕುಶಾಲನಗರದಾಚೆ

ಮಂದ ಕಾಫಿಬಣ್ಣದ ಕೈಮಗ್ಗದ ದಪ್ಪ ಹತ್ತಿಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಕುಗ್ಗುವಷ್ಟು ಕುಗ್ಗಿದ ಮೇಲೆ ಕತ್ತರಿಸಿದೆ. ಬಲ ಪಕ್ಕ ಎಡ ಪಕ್ಕದ ಮೇಲೆ 22 ಸೆಂಟಿಮೀಟರ್ ಹಾಯುತ್ತದೆ. ಒಳಗಿನ ಪಕ್ಕ ಜಾರದಂತೆ ಬಗಲಿನ ಹೊಲಿಗೆಯಲ್ಲೊಂದು ಸಣ್ಣ ಲಾಡಿ ಇದೆ. ಕಚ್ಚಾ ಹೊಲಿಗೆಯಲ್ಲಿದ್ದಾಗಲೇ ಅದನ್ನು ತೊಟ್ಟು ಮಡಿಕೇರಿಯಿಂದ ಸುಮಾರು 30 ಕಿಲೋಮೀಟರ್ ದೂರದ ಕುಶಾಲನಗರಕ್ಕೂ, ಅಲ್ಲಿಂದ ಕಾವೇರಿ ದಾಟಿ ಮೈಸೂರು ಜಿಲ್ಲೆಗೆ ಸೇರಿದ ಬೈಲುಕುಪ್ಪೆಗೂ ಹೋದೆವು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಮಡಿಕೇರಿಯಿಂದ ಇಳಿದ ಬಸ್ಸು ಸ್ವಲ್ಪ ಹೊತ್ತಿನಲ್ಲೇ ಬಿಸಿಲಿನ ಬಯಲಿಗೆ ತಲುಪುವುದರಿಂದ, ಒಂದೇ ಬೆಳಗಿನಲ್ಲಿ ಎರಡು ಹವೆಗಳ ಪರೀಕ್ಷೆ ನಡೆಯುತ್ತದೆ. ಸ್ವೆಟರ್ ಕಳಚಿ ನಡುಪಟ್ಟಿಯನ್ನು ಮತ್ತೊಂದು ಸುತ್ತು ಬಿಗಿದರೆ ಅಂಗಿ ಮತ್ತೆ ಮೈಗೆ ಸರಿಹೊಂದಿತು.

ಬೈಲುಕುಪ್ಪೆಗೆ ಹೋದ ಕಾರಣ ಟಿಬೆಟಿಯನ್ನರ ಚುಪಾ. 1960ರ ದಶಕದ ಆರಂಭದಲ್ಲಿ ಅಲ್ಲಿ ನೆಲೆಸಿದ ಸಮುದಾಯದ ಈ ನಿಲುವಂಗಿಯೂ ಪಕ್ಕದ ಮೇಲೆ ಪಕ್ಕ ಬಂದು ನಡುವಿನಲ್ಲಿ ಕಟ್ಟಿಕೊಳ್ಳುವಂಥದು. ಎಲ್ಲಿಂದಲೋ ಬಂದ ಎರಡು ಉಡುಪುಗಳು ಒಂದೇ ನದಿಯ ಎರಡು ದಡಗಳಲ್ಲಿ ಒಂದೇ ಉಪಾಯವನ್ನು ಹಿಡಿದು ನಿಂತಿರುವುದು ನನಗೆ ಬಹಳ ಸೊಗಸಾಗಿ ಕಂಡಿತು. ಹೆಂಗಸರ ಚುಪಾ ಬೆನ್ನಿನಲ್ಲಿ ಹೆಚ್ಚುವರಿ ಬಟ್ಟೆಯನ್ನು ಮಡಿಕೆಯಾಗಿ ಒಯ್ದು ಕಟ್ಟುವ ಕ್ರಮವನ್ನು ಗಮನಿಸಿ, ನನ್ನ ಅಂಗಿಯ ಬೆನ್ನಿಗೂ ಎರಡು ಸಡಿಲ ಮಡಿಕೆಗಳನ್ನು ಸೇರಿಸಿದೆ. ವಿವಾಹಿತ ಮಹಿಳೆಯರು ಮುಂದೆ ಕಟ್ಟುವ ಪಟ್ಟೆಪಟ್ಟೆಯ ಏಪ್ರನ್ನಾದ ಪಾಂಗ್ದೆನ್‌ನ ಬಣ್ಣಗಳನ್ನು ಕಂಡು ಗೆಳತಿ ಬಹಳ ಹೊತ್ತು ಅಂಗಡಿಯಿಂದ ಹೊರಡಲಿಲ್ಲ. ಆದರೆ ಅದೂ ಅರ್ಥವುಳ್ಳ ಉಡುಪೇ ಎಂದು ತಾನೇ ಹೇಳಿ, ಕೊಳ್ಳದೆ ಬಂದಳು.

ಅದೇ ತಿಂಗಳು ಕಾವೇರಿ ಸಂಕ್ರಮಣದ ಜನಸಂದಣಿ ಕರಗಿದ ಮೇಲೆ ಭಾಗಮಂಡಲಕ್ಕೂ ತಲಕಾವೇರಿಗೂ ಹೋಗಿ ಬಂದೆವು. ಅಂಗಿಯ ಬಗ್ಗೆ ಅಲ್ಲಿ ಹೊಸದೇನೂ ತಿಳಿಯಲಿಲ್ಲ. ಗಾಳಿಗೆ ಮುಂಭಾಗ ತೆರೆದುಕೊಳ್ಳದು ಎಂಬುದಷ್ಟೇ ಖಚಿತವಾಯಿತು.

ನಡುಪಟ್ಟಿಯ ವಿವಾದ

ಗೆಳತಿ ತನ್ನ ತಾಯಿಯ ಹರಿದ ಇಳಕಲ್ ಸೀರೆಯೊಂದನ್ನು ಈ ಕೆಲಸಕ್ಕೆಂದು ತಂದಿದ್ದಳು. ಇಳಕಲ್ ಸೀರೆಯ ಒಡಲಿನ ಹಾಸಿಗೂ (ಉದ್ದನೆಯ ಎಳೆಗಳಿಗೂ) ಸೆರಗಿನ ಹಾಸಿಗೂ ಎಳೆಎಳೆಯಾಗಿ ಕೊಂಡಿ ಹಾಕಿ ಜೋಡಿಸುತ್ತಾರೆ (ಇದಕ್ಕೇ ಟೋಪ್‌ತೆನಿ ಎನ್ನುವುದು), ಆದ್ದರಿಂದ ಒಡಲು ಹತ್ತಿಯದಾಗಿದ್ದು ಸೆರಗು ರೇಷ್ಮೆಯದಾಗಿರಲು ಸಾಧ್ಯ. ಒಡಲು ಸವೆದಿದ್ದರೂ ಟೋಪ್‌ತೆನಿಯ ಕೆಂಪು ಬಿಳುಪಿನ ಸೆರಗು ಗಟ್ಟಿಯಾಗಿತ್ತು, ಅದನ್ನೇ ನಡುಪಟ್ಟಿ ಮಾಡಬೇಕೆಂಬುದು ಆಕೆಯ ಹಟ. ಕೆಂಪು ನಡುಪಟ್ಟಿ ದೂರದಿಂದ ಚೇಲೆಯಂತೆಯೇ ಕಾಣುತ್ತದೆ ಎಂಬುದು ನನ್ನ ತಕರಾರು. ಕೊನೆಗೆ ಸೆರಗನ್ನು ಅಂಗಿಯ ಒಳ ಜೇಬಿಗೂ ಕತ್ತಿನ ಒಳಪಟ್ಟಿಗೂ ಬಳಸಿ, ಚಿಕ್ಕಿ ಎಂಬ ವಿನ್ಯಾಸದ ದಡಿಯನ್ನು ಬಿಡಿಸಿ ನಡುಪಟ್ಟಿ ಹೊಲಿದೆವು. ಅದರ ಉದ್ದ ಎರಡೂವರೆ ಮೀಟರ್. ಈಗ ಅಂಗಿ ಹೊರಗಿನಿಂದ ನನ್ನ ಬಣ್ಣದ್ದು, ಜೇಬಿಗೆ ಕೈ ಹಾಕಿದರೆ ಆಕೆಯ ಬಣ್ಣದ್ದು. ಕೆಂಪು ಬಣ್ಣ ಒದ್ದೆಯಾದಾಗ ಬಿಡುವ ಸಂಭವವಿದ್ದುದರಿಂದ ಆ ತುಂಡುಗಳನ್ನು ಮೊದಲೇ ತಣ್ಣೀರಿನಲ್ಲಿ ಬೇರೆಯಾಗಿ, ನೀರು ತಿಳಿಯಾಗುವವರೆಗೆ ತೊಳೆದುಕೊಂಡೆ. ಈ ಹವೆಯಲ್ಲಿ ಬೂಷ್ಟಿನ ಕಾಟವೂ ಇರುವುದರಿಂದ ಅಂಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿಡದೆ ಹತ್ತಿಯ ಚೀಲದಲ್ಲಿಟ್ಟು, ಬಿಸಿಲು ಬಂದಾಗಲೆಲ್ಲ ಹರವುತ್ತೇನೆ.

ಉಳಿದ ಕೆಲಸ

ಸುಗ್ಗಿಯ ಹಬ್ಬವಾದ ಹುತ್ತರಿಯ ಹೊತ್ತಿಗೆ ಚಳಿ ಬಲಿಯುತ್ತದೆ. ಅಷ್ಟರಲ್ಲಿ ನನ್ನ ಅಂಗಿಗೆ ಕಳಚಿ ಹಾಕಬಹುದಾದ ಉಣ್ಣೆಯ ಒಳಪದರವನ್ನು ಹೊಲಿಯಬೇಕು. ಹೊರಗಿನ ಜೇಬು ನಡುಪಟ್ಟಿಯ ಕೆಳಗೆ ಬಂದಿರುವುದರಿಂದ ಬಸ್ಸಿನಲ್ಲಿ ಕುಳಿತಾಗ ಚಿಲ್ಲರೆ ತೆಗೆಯುವುದು ಕಷ್ಟ, ಅದನ್ನು ಒಂದು ಗೇಣು ಮೇಲಕ್ಕೆ ಸರಿಸಲಿದ್ದೇನೆ. ಗೆಳತಿಯ ಅಂಗಿ ಇನ್ನೂ ಕಾಗದದ ಮಾದರಿಯಲ್ಲಿಯೇ ಇದೆ. ಆಕೆಗೆ ಬೇಕಾದದ್ದು ಕಡುಹಸಿರು ಖಣ. ಖಣದ ಪನ್ನ (ಅಗಲ) ಕಿರಿದಾದುದರಿಂದ ಬೆನ್ನಿನ ತುಂಡನ್ನು ನಡುವೆ ಜೋಡಿಸದೆ ವಿಧಿಯಿಲ್ಲ. ಆ ಜೋಡಣೆ ಕಾಣದಂತೆ ವಿನ್ಯಾಸ ಹೊಂದಿಸಬೇಕೆಂದು ನಾನು, ಕೆಂಪು ದಾರದಿಂದ ಕಸೂತಿಯ ಗವಂತಿ ಹೊಲಿಗೆ ಹಾಕಿ ಎದ್ದು ಕಾಣುವಂತೆ ಮಾಡಬೇಕೆಂದು ಆಕೆ. ಬೆನ್ನು ಆಕೆಯದು, ನಾನು ಕೆಂಪು ದಾರ ತಂದಿಟ್ಟಿದ್ದೇನೆ.